ಹೇಳದೆ ಬರುವ ಭೂಕಂಪ, ಹೇಳಿ ಬರುವ ಜ್ವಾಲಾಮುಖಿ

1993ರ ಸೆಪ್ಟೆಂಬರ್ 30, ನಸುಕಿನ 3 ಗಂಟೆ 56 ನಿಮಿಷ. ಗಣಪತಿ ವಿಸರ್ಜನೆ ಮುಗಿಸಿ ತಡವಾಗಿ ಮಲಗಿದ್ದ ಮಹಾರಾಷ್ಟ್ರದ ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳ ಜನ ಕಣ್ಣು ಬಿಡುವಷ್ಟರಲ್ಲಿ ಗೋಡೆಗಳು ಮೈಮೇಲೆ ಬಿದ್ದಿದ್ದವು. ಕಿಲ್ಲಾರಿ ಸೇರಿ ಐವತ್ತರಷ್ಟು ಹಳ್ಳಿಗಳು ನೆಲಸಮವಾದವು. ಸತ್ತವರ ಸಂಖ್ಯೆ ಹತ್ತು ಸಾವಿರದ ಹತ್ತಿರ. ಕಿಲ್ಲಾರಿಯಿಂದ ನಮ್ಮ ಬಸವಕಲ್ಯಾಣಕ್ಕೆ ನೇರ ಗೆರೆ ಎಳೆದರೆ ಐವತ್ತು ಕಿಲೋಮೀಟರಿಗೂ ಕಡಿಮೆ. ಬೀದರ್, ಕಲಬುರಗಿಯ ಹಳ್ಳಿಗಳೂ ಅಂದು ನಡುಗಿದ್ದವು.

ಆ ಭೂಕಂಪದ ಪ್ರಮಾಣ 6.2. ಆರರಿಂದ ಏಳರೊಳಗಿನ ಭೂಕಂಪಗಳು ಜಗತ್ತಿನಲ್ಲಿ ವರ್ಷಕ್ಕೆ ನೂರಕ್ಕೂ ಹೆಚ್ಚು ಆಗುತ್ತವೆ, ಹೆಚ್ಚಿನವು ಪತ್ರಿಕೆಯ ಒಳಪುಟಕ್ಕೂ ಬರುವುದಿಲ್ಲ. ಹಾಗಾದರೆ ಕಿಲ್ಲಾರಿಯಲ್ಲಿ ಅಷ್ಟೊಂದು ಜನ ಸತ್ತದ್ದೇಕೆ? 2010ರಲ್ಲಿ ಒಂದೂವರೆ ತಿಂಗಳ ಅಂತರದಲ್ಲಿ ನಡೆದ ಎರಡು ಭೂಕಂಪಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಉತ್ತರ ಸಿಗುತ್ತದೆ. ಜನವರಿಯಲ್ಲಿ ಹೈಟಿ ದೇಶದಲ್ಲಿ 7.0 ಪ್ರಮಾಣದ ಭೂಕಂಪವಾಗಿ ಲಕ್ಷಕ್ಕೂ ಹೆಚ್ಚು ಜನ ಸತ್ತರು. ಫೆಬ್ರುವರಿಯಲ್ಲಿ ಚಿಲಿಯಲ್ಲಿ 8.8 ಪ್ರಮಾಣದ್ದಾಯಿತು. ಹೈಟಿಯದಕ್ಕಿಂತ ಸುಮಾರು ಐನೂರು ಪಟ್ಟು ಶಕ್ತಿ ಹೊರಬಿದ್ದರೂ ಅಲ್ಲಿ ಸತ್ತವರು ಐನೂರರ ಆಸುಪಾಸು. ಆಳ, ದೂರ, ಜನಸಾಂದ್ರತೆ ಎಲ್ಲಕ್ಕೂ ಇದರಲ್ಲಿ ಪಾಲಿದೆ. ಆದರೆ ದೊಡ್ಡ ಪಾಲು ಕಟ್ಟಡಗಳದು. 1960ರಲ್ಲಿ 9.5 ಪ್ರಮಾಣದ ಭೂಕಂಪ ಕಂಡಿದ್ದ ಚಿಲಿ, ಕಟ್ಟಡ ನಿಯಮಗಳನ್ನು ಬಿಗಿ ಮಾಡಿ ಅವನ್ನು ಪಾಲಿಸುತ್ತಲೂ ಇತ್ತು.

ಭೂಕಂಪ ಮುನ್ಸೂಚನೆ ಕೊಡುವುದಿಲ್ಲ. ಅದರ ಎದುರಿನ ರಕ್ಷಣೆಯೆಲ್ಲ ಮನೆ ಕಟ್ಟುವಾಗಲೇ ಆಗಿ ಮುಗಿದಿರಬೇಕು. ಜ್ವಾಲಾಮುಖಿ ಸಾಮಾನ್ಯವಾಗಿ ವಾರ, ತಿಂಗಳುಗಳ ಮುಂಚೆಯೇ ಸುಳಿವು ಕೊಡುತ್ತದೆ. ಅಲ್ಲಿ ರಕ್ಷಣೆ ಎಂದರೆ ಹೇಳಿದ ಹೊತ್ತಿಗೆ ಜಾಗ ಬಿಡುವುದು. ಎರಡೂ ಒಂದೇ ಭೂಮಿಯ ಒಡಲಿನಿಂದ ಬಂದರೂ ಎದುರಿಸುವ ದಾರಿ ಬೇರೆ ಬೇರೆ.

ನೆಲ ಯಾಕೆ ನಡುಗುತ್ತದೆ

ಭೂಮಿಯ ಹೊರಪದರ ಒಂದೇ ತುಂಡಾಗಿಲ್ಲ. ಹತ್ತು ಹನ್ನೆರಡು ದೊಡ್ಡ ಫಲಕಗಳು, ಜೊತೆಗೆ ಹಲವು ಚಿಕ್ಕವು ಸೇರಿ ಭೂಗೋಳವನ್ನು ಹೊದ್ದುಕೊಂಡಿವೆ. ಇವು ವರ್ಷಕ್ಕೆ ಕೆಲವು ಸೆಂಟಿಮೀಟರಿನಷ್ಟು ಸರಿಯುತ್ತಲೇ ಇರುತ್ತವೆ. ನಾವು ಕೂತಿರುವ ಭಾರತದ ಫಲಕ ವರ್ಷಕ್ಕೆ ಸುಮಾರು ಐದು ಸೆಂಟಿಮೀಟರಿನಂತೆ ಉತ್ತರ, ಈಶಾನ್ಯದ ಕಡೆ ನುಗ್ಗಿ ಏಷ್ಯಾದ ಫಲಕವನ್ನು ಒತ್ತುತ್ತಿದೆ. ಹಿಮಾಲಯ ಎದ್ದದ್ದು ಈ ಒತ್ತಡದಿಂದಲೇ.

ಫಲಕ ಸರಿಯುವುದರಿಂದಲೇ ನೆಲ ನಡುಗುವುದಿಲ್ಲ. ಬಂಡೆಗಳು ಬಿರುಕಿನ ಎರಡೂ ಬದಿಯಲ್ಲಿ ಒಂದಕ್ಕೊಂದು ಕಚ್ಚಿಕೊಂಡು ನಿಂತಾಗ ತೊಂದರೆ ಶುರುವಾಗುತ್ತದೆ. ಹಿಂದಿನಿಂದ ನೂಕು ಇದ್ದೇ ಇರುತ್ತದೆ, ಮುಂದೆ ಸರಿಯಲು ದಾರಿಯಿಲ್ಲ. ಹಸಿ ಬಿದಿರ ಗಳವನ್ನು ಎರಡು ಕೈಯಲ್ಲಿ ಹಿಡಿದು ಬಗ್ಗಿಸುತ್ತ ಹೋದರೆ ಬಹಳ ಹೊತ್ತು ಬಾಗುತ್ತದೆ, ಆಮೇಲೆ ಒಮ್ಮೆಲೇ ಸೀಳಿ ಕೈಗೆ ಜುಮ್ಮೆನ್ನುತ್ತದೆ. ಬಂಡೆಯೂ ಹಾಗೆಯೇ ದಶಕ, ಶತಮಾನಗಳ ಕಾಲ ಬಾಗಿ, ಕೆಲವೇ ಸೆಕೆಂಡಿನಲ್ಲಿ ಜಾರಿ ನಿಲ್ಲುತ್ತದೆ. 1906ರ ಸ್ಯಾನ್ ಫ್ರಾನ್ಸಿಸ್ಕೊ ಭೂಕಂಪದ ನಂತರ ನೆಲದ ಅಳತೆಗಳನ್ನು ಹೋಲಿಸಿ ನೋಡಿ ಇದನ್ನು ವಿವರಿಸಿದವರು ಹ್ಯಾರಿ ಫೀಲ್ಡಿಂಗ್ ರೀಡ್ ಎಂಬ ವಿಜ್ಞಾನಿ.

ಜಾರಿದ ಜಾಗದಿಂದ ಅಲೆಗಳು ಹೊರಡುತ್ತವೆ. ಮೊದಲನೆಯದು ಪಿ ಅಲೆ, ಸೆಕೆಂಡಿಗೆ ಆರು ಕಿಲೋಮೀಟರಿನಷ್ಟು ವೇಗದ್ದು. ಅದರ ಪೆಟ್ಟು ಹಗುರ. ಹಿಂದೆಯೇ ಮೂರೂವರೆ ಕಿಲೋಮೀಟರಿನ ವೇಗದಲ್ಲಿ ಎಸ್ ಅಲೆ ಬಂದು ನೆಲವನ್ನು ಅಡ್ಡಡ್ಡ ತೂಗುತ್ತದೆ. ಮನೆ ಬೀಳಿಸುವುದು ಹೆಚ್ಚಾಗಿ ಈ ಅಡ್ಡ ತೂಗಾಟ. ನಮ್ಮ ಗೋಡೆ, ಕಂಬಗಳೆಲ್ಲ ಮೇಲಿನಿಂದ ಕೆಳಗೆ ಬರುವ ಭಾರ ಹೊರಲು ಕಟ್ಟಿದವು. ಪಕ್ಕದಿಂದ ಬರುವ ತಳ್ಳಾಟ ತಡೆಯುವುದನ್ನು ಬೇರೆಯಾಗಿಯೇ ಯೋಚಿಸಬೇಕು.

ನಮ್ಮ ಬಂಡೆಯೂ ಸೀಳಿದೆ

‘ದಖ್ಖನ್ ಎಂದರೆ ಗಟ್ಟಿ ಬಂಡೆ, ಇಲ್ಲಿ ಏನೂ ಆಗುವುದಿಲ್ಲ’ ಎಂಬ ಮಾತನ್ನು ಎಂಜಿನಿಯರುಗಳ ಬಾಯಲ್ಲೂ ಕೇಳುತ್ತೇವೆ. ಕಿಲ್ಲಾರಿ ಪ್ರದೇಶ 1993ರಲ್ಲಿ ದೇಶದ ಭೂಕಂಪ ನಕ್ಷೆಯ ಒಂದನೇ ವಲಯದಲ್ಲಿತ್ತು. ಒಂದನೇ ವಲಯವೆಂದರೆ ಅತಿ ಕಡಿಮೆ ಅಪಾಯದ ಜಾಗ. 2002ರಲ್ಲಿ ನಕ್ಷೆ ಪರಿಷ್ಕರಿಸಿದಾಗ ಆ ಒಂದನೇ ವಲಯವನ್ನೇ ತೆಗೆದುಹಾಕಲಾಯಿತು. ಆ ನಕ್ಷೆಯ ಪ್ರಕಾರ ಬೆಂಗಳೂರು, ಮೈಸೂರು ಸೇರಿ ಕರ್ನಾಟಕದ ಬಹುಭಾಗ ಎರಡನೇ ವಲಯದಲ್ಲಿದೆ. ಕರಾವಳಿ ಮತ್ತು ಮಹಾರಾಷ್ಟ್ರದ ಗಡಿಗೆ ತಾಗಿದ ಉತ್ತರದ ಜಿಲ್ಲೆಗಳ ಕಡೆ ಮೂರನೇ ವಲಯ ಬರುತ್ತದೆ. ನಾಲ್ಕು, ಐದನೇ ವಲಯದ ಜಾಗ ನಮ್ಮಲ್ಲಿಲ್ಲ. ಅಪಾಯ ಕಡಿಮೆ, ಆದರೆ ಇಲ್ಲವೆಂದಲ್ಲ.

ಫಲಕದ ಅಂಚಿನಿಂದ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಒಳಗಿರುವ ನಾವು ನಡುಗುವುದೇಕೆ? ಉತ್ತರದಲ್ಲಿ ಏಷ್ಯಾ ತಡೆದು ನಿಲ್ಲಿಸಿದ ಒತ್ತಡ ಇಡೀ ಫಲಕದೊಳಗೆ ಹರಡುತ್ತದೆ. ನೆಲದಾಳದಲ್ಲಿ ಕೋಟ್ಯಂತರ ವರ್ಷ ಹಳೆಯ ಬಿರುಕುಗಳಿದ್ದು, ಅಪರೂಪಕ್ಕೊಮ್ಮೆ ಅವು ಜಾರುತ್ತವೆ. ಕೆಲವೆಡೆ ನೀರೂ ಕೈಜೋಡಿಸುತ್ತದೆ. ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನಲ್ಲಿ 1962ರಲ್ಲಿ ನೀರು ತುಂಬಲು ಶುರುವಾದ ಮೇಲೆ ನಡುಕಗಳು ಹೆಚ್ಚಾದವು. 1967ರ ಡಿಸೆಂಬರ್ 11ರಂದು 6.3 ಪ್ರಮಾಣದ ಭೂಕಂಪವಾಗಿ ನೂರೆಂಬತ್ತರಷ್ಟು ಜನ ಸತ್ತರು. ಜಲಾಶಯದ ಭಾರ ಮತ್ತು ಬಿರುಕುಗಳೊಳಗೆ ಇಳಿದ ನೀರಿನ ಒತ್ತಡ ಸೇರಿ, ಜಾರಲು ಸಿದ್ಧವಾಗಿದ್ದ ಬಂಡೆಯ ಹಿಡಿತ ಸಡಿಲವಾಯಿತು. ಅಲ್ಲಿ ಇಂದಿಗೂ ಸಣ್ಣ ನಡುಕಗಳು ನಿಂತಿಲ್ಲ.

ನಮ್ಮ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಜನ 2021ರ ಅಕ್ಟೋಬರಿನಲ್ಲಿ, ಭೂಮಿಯೊಳಗಿನಿಂದ ಗುಡುಗಿದಂಥ ಸದ್ದಿಗೆ ಹೆದರಿ ಬಯಲಲ್ಲಿ ಮಲಗಿದರು, ಹಲವರು ಊರನ್ನೇ ಬಿಟ್ಟರು. 2022ರ ಜೂನಿನಲ್ಲಿ ಕೊಡಗಿನ ಚೆಂಬು, ಸಂಪಾಜೆ, ಸುಳ್ಯದ ಕಡೆ ಇಂಥದೇ ಸರಣಿ ನಡೆಯಿತು. ಮಳೆಗಾಲದ ಹಿಂದೆ ಮುಂದೆ ಹೀಗಾಗುವುದಕ್ಕೆ, ಬಂಡೆಯ ಸಂದುಗಳಿಗೆ ಇಳಿದ ಮಳೆನೀರು ಒಂದು ಕಾರಣವೆಂದು ವಿಜ್ಞಾನಿಗಳು ಹೇಳುತ್ತಾರೆ.

ಸುದ್ದಿಯಲ್ಲಿನ ಅಂಕಿಯನ್ನು ಓದುವುದು ಹೇಗೆ

1935ರಲ್ಲಿ ಚಾರ್ಲ್ಸ್ ರಿಕ್ಟರ್ ರೂಪಿಸಿದ ಮಾಪಕದ ಬದಲಿಗೆ ಈಗ ವಿಜ್ಞಾನಿಗಳು ಬೇರೊಂದು ಲೆಕ್ಕಾಚಾರ ಬಳಸುತ್ತಾರೆ. ಸುದ್ದಿಯಲ್ಲಿ ಮಾತ್ರ ರಿಕ್ಟರ್ ಹೆಸರು ಉಳಿದಿದೆ. ನೆನಪಿಡಬೇಕಾದ್ದು ಇಷ್ಟು: ಅಂಕಿ ಒಂದು ಹೆಚ್ಚಾದರೆ ಹೊರಬೀಳುವ ಶಕ್ತಿ ಸುಮಾರು 32 ಪಟ್ಟು ಹೆಚ್ಚು. ಕೊಡಗಿನಲ್ಲಿ 2022ರಲ್ಲಿ ದಾಖಲಾದ 3.5ರ ನಡುಕಕ್ಕೂ ಕಿಲ್ಲಾರಿಯ 6.2ಕ್ಕೂ ಹೋಲಿಸಿದರೆ ವ್ಯತ್ಯಾಸ ಹತ್ತು ಸಾವಿರ ಪಟ್ಟನ್ನೂ ಮೀರುತ್ತದೆ. ‘ಸಣ್ಣಪುಟ್ಟ ನಡುಕಗಳಾಗಿ ಒತ್ತಡ ಇಳಿದುಹೋಯಿತು, ಇನ್ನು ದೊಡ್ಡದು ಬರಲ್ಲ’ ಎಂಬ ಸಮಾಧಾನಕ್ಕೆ ಇಲ್ಲಿಯೇ ಉತ್ತರವಿದೆ. ಅಷ್ಟು ಒತ್ತಡ ಇಳಿಯಲು ಅಂಥ ಹತ್ತು ಸಾವಿರ ನಡುಕಗಳು ಬೇಕು. ಹಾಗೆಂದು ಪ್ರತಿ ಸಣ್ಣ ನಡುಕವೂ ದೊಡ್ಡದರ ಮುನ್ಸೂಚನೆಯೂ ಅಲ್ಲ. ಇಂಥ ಸರಣಿಗಳು ಹೆಚ್ಚಿನವು ತಾವಾಗಿಯೇ ತಣ್ಣಗಾಗುತ್ತವೆ.

‘ಇವತ್ತು ರಾತ್ರಿ ಇಂಥ ಗಂಟೆಗೆ ಭೂಕಂಪ’ ಎಂದು ವಾಟ್ಸ್ಆ್ಯಪಿನಲ್ಲಿ ಬರುವುದೆಲ್ಲ ಸುಳ್ಳು. ದಿನ, ಜಾಗ, ಪ್ರಮಾಣ ಮೂರನ್ನೂ ಮೊದಲೇ ಹೇಳುವ ವಿದ್ಯೆ ಯಾವ ದೇಶದ ಬಳಿಯೂ ಇಲ್ಲ. ಗೌರಿಬಿದನೂರಿನಲ್ಲಿ 1965ರಿಂದ ಭಾಭಾ ಅಣು ಸಂಶೋಧನಾ ಕೇಂದ್ರದ ಭೂಕಂಪ ಮಾಪನ ಜಾಲವಿದೆ. ಖಂಡಾಂತರದ ಅಣ್ವಸ್ತ್ರ ಪರೀಕ್ಷೆಯ ನಡುಕವನ್ನೂ ಹಿಡಿಯಬಲ್ಲ ಅದು ಕೂಡ ಆದ ಮೇಲೆ ದಾಖಲಿಸುತ್ತದೆ, ಆಗುವ ಮೊದಲು ಹೇಳುವುದಿಲ್ಲ.

ಸಾಧ್ಯವಿರುವುದು ಕೆಲವು ಸೆಕೆಂಡುಗಳ ಎಚ್ಚರಿಕೆ. ಭೂಕಂಪದ ಮೂಲದ ಬಳಿಯ ಉಪಕರಣ ಪಿ ಅಲೆಯನ್ನು ಹಿಡಿದ ಕೂಡಲೇ ಸಂದೇಶ ಹೊರಟರೆ, ಎಸ್ ಅಲೆ ಬರುವ ಮೊದಲೇ ದೂರದೂರಿಗೆ ಸುದ್ದಿ ಮುಟ್ಟುತ್ತದೆ. ನೂರು ಕಿಲೋಮೀಟರ್ ದೂರದಲ್ಲಿ ಎರಡು ಅಲೆಗಳ ನಡುವೆ ಹನ್ನೆರಡು ಸೆಕೆಂಡ್ ಸಿಕ್ಕರೆ, ಇಪ್ಪತ್ತು ಕಿಲೋಮೀಟರಿನಲ್ಲಿ ಸಿಗುವುದು ಎರಡೇ. ಭಾರತದಲ್ಲಿ 2023ರಿಂದ ಆಂಡ್ರಾಯ್ಡ್ ಫೋನುಗಳಲ್ಲಿ ಇಂಥ ಎಚ್ಚರಿಕೆಯ ಸೌಲಭ್ಯವಿದೆ. ಸೆಟ್ಟಿಂಗ್ಸ್‌ನ ತುರ್ತು ವಿಭಾಗದಲ್ಲಿ ಅದು ಚಾಲೂ ಇದೆಯೇ ನೋಡಿಕೊಳ್ಳಿ. ಮೇಜಿನಡಿ ಸೇರಲು ಆ ಸೆಕೆಂಡುಗಳು ಸಾಕು, ಮೂರು ಮಹಡಿ ಇಳಿಯಲು ಸಾಲವು.

ದಪ್ಪ ಗೋಡೆಯ ಹೊಟ್ಟೆಯೊಳಗೆ

ಕಿಲ್ಲಾರಿಯ ಮನೆಗಳ ಗೋಡೆಗಳು ಎರಡು ಅಡಿಗೂ ದಪ್ಪ. ನೋಡಿದವರಿಗೆ ಕೋಟೆಯೇ. ಆದರೆ ಒಳಗಿದ್ದದ್ದು ಬೇರೆ. ಹೊರಮೈಗೊಂದು, ಒಳಮೈಗೊಂದು ಎಂದು ಎರಡು ಸಾಲು ಕಲ್ಲು ನಿಲ್ಲಿಸಿ, ನಡುವಿನ ಜಾಗಕ್ಕೆ ಚೂರುಕಲ್ಲು ಮತ್ತು ಮಣ್ಣು ತುಂಬಿದ್ದರು. ಎರಡು ಸಾಲನ್ನೂ ಹಿಡಿದು ಕಟ್ಟುವ ಉದ್ದ ಕಲ್ಲುಗಳಿರಲಿಲ್ಲ. ನೆಲ ಅಡ್ಡ ತೂಗಿದಾಗ ನಡುವಿನ ಮಣ್ಣು ಕುಸಿದು, ಹೊರಸಾಲು ಹೊರಗೆ, ಒಳಸಾಲು ಒಳಗೆ ಬಿದ್ದವು. ಮೇಲಿದ್ದದ್ದು ಮರದ ತೊಲೆಗಳ ಮೇಲೆ ಹಾಸಿದ ದಪ್ಪ ಮಣ್ಣಿನ ಮಾಳಿಗೆ. ಸೋರದಿರಲೆಂದು ವರ್ಷ ವರ್ಷವೂ ಹೊಸ ಮಣ್ಣು ಹಾಕುವ ರೂಢಿಯಿಂದ ಅದರ ಭಾರ ಏರುತ್ತಲೇ ಹೋಗಿತ್ತು. ಅಷ್ಟೂ ಭಾರ ಮಲಗಿದ್ದವರ ಮೇಲೆ ಬಿತ್ತು.

ಇಂಥ ಗೋಡೆ, ಇಂಥ ಮಾಳಿಗೆಯ ಮನೆಗಳು ಬೀದರ್, ಕಲಬುರಗಿ, ವಿಜಯಪುರ, ಬಾಗಲಕೋಟೆಯ ಹಳ್ಳಿಗಳಲ್ಲಿ ಈಗಲೂ ಇವೆ. ಬೇಸಿಗೆಗೆ ತಂಪು, ಕಟ್ಟಲು ಅಗ್ಗ, ಕೆಡವಬೇಕಾಗಿಲ್ಲ. ಆದರೆ ಕೆಲವು ತಿದ್ದುಪಡಿ ಬೇಕು:

- ಹೊಸದಾಗಿ ಕಲ್ಲುಗೋಡೆ ಕಟ್ಟುವುದಾದರೆ ಗೋಡೆಯ ಪೂರ್ತಿ ದಪ್ಪಕ್ಕೆ ಹಾಯುವ ಕಟ್ಟುಗಲ್ಲನ್ನು ಎತ್ತರದಲ್ಲಿ ಪ್ರತಿ ಎರಡು ಅಡಿಗೆ, ಉದ್ದದಲ್ಲಿ ಪ್ರತಿ ನಾಲ್ಕು ಅಡಿಗೆ ಒಂದರಂತೆ ಇಡಬೇಕು. ಅಷ್ಟು ಉದ್ದದ ಕಲ್ಲು ಸಿಗದಿದ್ದರೆ ಕಂಬಿ ಹಾಕಿ ಎರಕ ಹೊಯ್ದ ಕಾಂಕ್ರೀಟ್ ತುಂಡೂ ಆಗುತ್ತದೆ.
- ಬಾಗಿಲು, ಕಿಟಕಿಗಳ ನೆತ್ತಿಯ ಮೇಲೆ, ಲಿಂಟಲ್ ಮಟ್ಟದಲ್ಲಿ, ಮನೆಯ ಎಲ್ಲ ಗೋಡೆಗಳನ್ನೂ ಸುತ್ತಿ ಬರುವ ಕಬ್ಬಿಣ ಹಾಕಿದ ಕಾಂಕ್ರೀಟ್ ಪಟ್ಟಿ ಬೇಕು. ಕಿಟಕಿಗಷ್ಟೇ ಲಿಂಟಲ್ ಹಾಕಿ ನಿಲ್ಲಿಸಿದರೆ ಮೂಲೆಗಳು ಬಿಚ್ಚಿಕೊಳ್ಳುತ್ತವೆ. ಪಟ್ಟಿ ಎಲ್ಲೂ ತುಂಡಾಗಕೂಡದು.
- ಕಿಟಕಿ, ಬಾಗಿಲುಗಳನ್ನು ಮೂಲೆಗೆ ಒತ್ತಿ ಇಡಬೇಡಿ.
- ಹಳೆಯ ಮಾಳಿಗೆಯ ಮೇಲೆ ಮಣ್ಣು ಪೇರಿಸುವುದನ್ನು ಬಿಡಿ. ಹಳೆ ಮಣ್ಣನ್ನು ತೆಗೆದು ತೆಳು ಮಾಡಿ, ಮೇಲೆ ನೀರು ಇಳಿಯದ ಹೊದಿಕೆ ಹಾಕಿಸಿ.
- ಹಳೆಯ ಗೋಡೆಗೂ ಅಲ್ಲಲ್ಲಿ ಕಲ್ಲು ಬಿಡಿಸಿ ಕಟ್ಟುಗಲ್ಲು ಕೂರಿಸಬಹುದು, ಮೂಲೆಗಳಿಗೆ ಉಕ್ಕಿನ ಜಾಲರಿ ಹೊದಿಸಿ ಸಿಮೆಂಟ್ ಗಾರೆ ಮಾಡಿಸಬಹುದು. ಕಿಲ್ಲಾರಿಯ ನಂತರ ಆ ಪ್ರದೇಶದಲ್ಲಿ ಇಂಥ ಕೆಲಸ ನಡೆದಿದೆ.

ಮಣ್ಣಿನ ಮನೆಯೆಲ್ಲ ದುರ್ಬಲವೆಂದೂ ತಿಳಿಯಬೇಕಿಲ್ಲ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ ಕಚ್ಛದ ‘ಭುಂಗಾ’ ಎಂಬ ದುಂಡನೆಯ ಮಣ್ಣಿನ ಗುಡಿಸಲುಗಳಲ್ಲಿ ಹೆಚ್ಚಿನವು ನಿಂತೇ ಇದ್ದವು. ಮೂಲೆಯಿಲ್ಲದ ಗೋಡೆ ಮತ್ತು ಹುಲ್ಲು ಹೊದೆಸಿದ ಹಗುರ ಚಾವಣಿ ಅವನ್ನು ಕಾಪಾಡಿದವು.

ಪಿಲ್ಲರ್ ಇದ್ದ ಮಾತ್ರಕ್ಕೆ ಭದ್ರವಲ್ಲ

ಭುಜ್ ಭೂಕಂಪದಲ್ಲಿ ಹದಿಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಕೇಂದ್ರದಿಂದ ಇನ್ನೂರು ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಬಿದ್ದದ್ದು ಮಣ್ಣಿನ ಮನೆಗಳಲ್ಲ, ಕಾಂಕ್ರೀಟಿನ ಬಹುಮಹಡಿ ಕಟ್ಟಡಗಳು. ಅವುಗಳಲ್ಲಿ ಹಲವಕ್ಕೆ ನೆಲಮಹಡಿಯಲ್ಲಿ ಗೋಡೆಯೇ ಇರಲಿಲ್ಲ, ಬರೀ ಕಂಬ ಮತ್ತು ವಾಹನ ನಿಲುಗಡೆ. ಮೇಲಿನ ಮಹಡಿಗಳು ಗೋಡೆಗಳಿಂದ ಬಿಗಿಯಾಗಿದ್ದಾಗ ತೂಗಾಟವೆಲ್ಲ ಕೆಳಗಿನ ಕಂಬಗಳಲ್ಲೇ ನಡೆಯುತ್ತದೆ. ಅವು ಮುರಿದರೆ ಇಡೀ ಕಟ್ಟಡ ಕೂತುಬಿಡುತ್ತದೆ. ಬೆಂಗಳೂರಿನ 30×40 ಅಡಿಯ ಸೈಟುಗಳಲ್ಲಿ ಕೆಳಗೆ ಪಾರ್ಕಿಂಗ್, ಮೇಲೆ ಮೂರು ನಾಲ್ಕು ಮನೆ ಎಂಬುದು ಈಗ ಮಾಮೂಲು. ಪಾರ್ಕಿಂಗ್ ಬೇಡವೆನ್ನಲಾಗದು. ಆ ಮಹಡಿಯ ಕಂಬಗಳು ಹೆಚ್ಚು ಬಲವಾಗಿರಬೇಕು, ಎರಡೂ ದಿಕ್ಕಿನಲ್ಲಿ ಕೆಲವು ಕಡೆ ಪೂರ್ತಿ ಕಾಂಕ್ರೀಟ್ ಗೋಡೆ ಬರಬೇಕು. ಇದನ್ನು ವಿನ್ಯಾಸದಲ್ಲೇ ತೋರಿಸುವಂತೆ ಕೇಳಬೇಕು.

ಕಟ್ಟುತ್ತಿರುವ ಮನೆಯ ಪಿಲ್ಲರಿನ ಪಕ್ಕ ಒಂದು ಗಳಿಗೆ ನಿಂತು, ಎರಕ ಹೊಯ್ಯುವ ಮೊದಲು ಒಂದು ಸಣ್ಣ ಸಂಗತಿ ನೋಡಿ. ನೆಟ್ಟಗೆ ನಿಂತ ಕಂಬಿಗಳನ್ನು ಸುತ್ತುವ ರಿಂಗಿನ ಎರಡು ತುದಿಗಳು ಹೇಗೆ ಬಗ್ಗಿವೆ? ಬೇಗ ಕೆಲಸ ಮುಗಿಯಲೆಂದು ಅನೇಕ ಕಡೆ ತುದಿಯನ್ನು 90 ಡಿಗ್ರಿಗೆ ಬಗ್ಗಿಸಿ ಬಿಡುತ್ತಾರೆ. ಕಂಬ ತೂಗಿದಾಗ ಹೊರಗಿನ ಒಂದೂವರೆ ಇಂಚು ಕಾಂಕ್ರೀಟ್ ಸಿಡಿದುಹೋದರೆ ಅಂಥ ರಿಂಗು ಬಿಚ್ಚಿಕೊಳ್ಳುತ್ತದೆ, ಒಳಗಿನ ಕಂಬಿಗಳು ಹೊರಕ್ಕೆ ಬಾಗುತ್ತವೆ, ಕಂಬ ಕುಸಿಯುತ್ತದೆ. ಅದೇ ತುದಿ 135 ಡಿಗ್ರಿಗೆ ಬಗ್ಗಿ ಕಂಬದ ಒಡಲೊಳಗೆ ಚುಚ್ಚಿಕೊಂಡಿದ್ದರೆ ಹೊರಪದರ ಹೋದರೂ ರಿಂಗು ಬಿಡುವುದಿಲ್ಲ. ಬೀಮು ಸೇರುವ ಜಾಗದ ಮೇಲೆ ಕೆಳಗೆ ರಿಂಗುಗಳ ನಡುವಿನ ಅಂತರ 100 ಮಿಲಿಮೀಟರ್ ಮೀರಬಾರದು. ಪಿಲ್ಲರಿನ ನಡುಭಾಗದಲ್ಲಿ ಅಂತರ ಸ್ವಲ್ಪ ಹೆಚ್ಚಿದ್ದರೆ ನಡೆದೀತು. ಈ ನಿಯಮಗಳೆಲ್ಲ ಭಾರತೀಯ ಮಾನಕ ಐಎಸ್ 13920ರಲ್ಲಿವೆ. ಮೂರನೇ ವಲಯದಿಂದ ಮೇಲಕ್ಕೆ ಅದನ್ನು ಪಾಲಿಸಲೇಬೇಕು. ಎರಡನೇ ವಲಯದ ಬೆಂಗಳೂರಿನಲ್ಲೂ ಪಾಲಿಸಿದರೆ ಹೆಚ್ಚಾಗುವುದು ಸ್ವಲ್ಪ ಕಬ್ಬಿಣ ಮತ್ತು ಕಂಬಿ ಕಟ್ಟುವವರ ಅರ್ಧ ದಿನದ ಕೂಲಿ.

ವಾಸವಿರುವ ಕಟ್ಟಡವಾದರೆ ಗೋಡೆಯ ಗಾರೆಯಲ್ಲಿನ ಕೂದಲೆಳೆಯ ಬಿರುಕಿಗೆ ಹೆದರಬೇಕಿಲ್ಲ. ಪಿಲ್ಲರಿನಲ್ಲಿ ಓರೆಯಾಗಿ ಎದ್ದ ಬಿರುಕು, ಕಾಂಕ್ರೀಟ್ ಉದುರಿ ತುಕ್ಕು ಹಿಡಿದ ಕಂಬಿ, ಕಿಟಕಿಯ ಮೂಲೆಯಿಂದ ಕರ್ಣದಂತೆ ಹೊರಟು ಅಗಲವಾಗುತ್ತಿರುವ ಸೀಳು ಕಂಡರೆ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ. ಎರಡು ಮಹಡಿಯ ಲೆಕ್ಕಕ್ಕೆ ಹಾಕಿದ ಅಡಿಪಾಯದ ಮೇಲೆ ಬಾಡಿಗೆಯಾಸೆಗೆ ಮೂರು, ನಾಲ್ಕನೆಯದನ್ನು ಏರಿಸುವುದು, ಪಾರ್ಕಿಂಗಿಗೆ ಅಡ್ಡವಾಯಿತೆಂದು ಗೋಡೆ, ಕಂಬ ಕೊರೆಯುವುದು ಎರಡೂ ಪ್ರಾಣಕ್ಕೆ ಸಂಚಕಾರ.

ನಡುಗುವಾಗ ಮತ್ತು ಆಮೇಲೆ

ಮನೆ ಬೀಳದಿದ್ದರೂ ಮನೆಯೊಳಗಿನ ವಸ್ತುಗಳು ಬೀಳುತ್ತವೆ. ಎತ್ತರದ ಬೀರು, ಪುಸ್ತಕದ ಕಪಾಟುಗಳನ್ನು ಗೋಡೆಗೆ ಬಿಗಿಯಿರಿ. ಮಂಚದ ತಲೆದೆಸೆಯ ಮೇಲೆ ಅಟ್ಟ, ಕನ್ನಡಿ, ಭಾರದ ಫೋಟೊ ಬೇಡ. ಗ್ಯಾಸ್ ಸಿಲಿಂಡರ್ ಉರುಳದಂತಿರಲಿ. ಟಾರ್ಚು, ನೀರು, ಔಷಧ, ಸೀಟಿ, ದಾಖಲೆಗಳ ನಕಲು, ಒಂದಿಷ್ಟು ನಗದು ಹಾಕಿದ ಚೀಲ ಬಾಗಿಲ ಹತ್ತಿರ ಇರಲಿ.

ನೆಲ ನಡುಗಲು ಶುರುವಾದಾಗ:

- ಕಾಂಕ್ರೀಟ್ ಕಟ್ಟಡದೊಳಗಿದ್ದರೆ ಓಡಬೇಡಿ. ಮಂಡಿಯೂರಿ ಕುಳಿತು, ಗಟ್ಟಿ ಮೇಜಿನಡಿ ಸೇರಿ, ಅದರ ಕಾಲನ್ನು ಹಿಡಿದುಕೊಳ್ಳಿ. ಮೇಜಿಲ್ಲದಿದ್ದರೆ ಒಳಗೋಡೆಯ ಬದಿಗೆ ಕುಳಿತು ತಲೆ, ಕತ್ತನ್ನು ತೋಳಿನಿಂದ ಮುಚ್ಚಿಕೊಳ್ಳಿ. ಬಾಗಿಲ ಚೌಕಟ್ಟಿನಡಿ ನಿಲ್ಲಬೇಕೆಂಬುದು ಹಳೆಯ ಮಾತು, ಈಗಿನ ಮನೆಗಳಲ್ಲಿ ಅದರಿಂದ ಪ್ರಯೋಜನವಿಲ್ಲ.
- ಹಾಸಿಗೆಯಲ್ಲಿದ್ದರೆ ಅಲ್ಲೇ ಇದ್ದು ದಿಂಬಿನಿಂದ ತಲೆ ಮುಚ್ಚಿಕೊಳ್ಳಿ.
- ಕಲ್ಲುಮಣ್ಣಿನ ಹಳೆಯ ಒಂದಂತಸ್ತಿನ ಮನೆಯಾಗಿದ್ದು ಬಾಗಿಲು ಎರಡು ಹೆಜ್ಜೆಯಲ್ಲಿದ್ದರೆ ಮಾತ್ರ ಬಯಲಿಗೆ ಹೊರಡಿ, ಗೋಡೆಯ ಬುಡದಲ್ಲಿ ನಿಲ್ಲಬೇಡಿ.
- ಲಿಫ್ಟು ಬಳಸಬೇಡಿ, ನಡುಕ ನಿಲ್ಲುವವರೆಗೆ ಮೆಟ್ಟಿಲೂ ಬೇಡ.
- ಹೊರಗಿದ್ದರೆ ಕಟ್ಟಡ, ಕಾಂಪೌಂಡ್, ವಿದ್ಯುತ್ ತಂತಿಯಿಂದ ದೂರ ಸರಿಯಿರಿ. ವಾಹನದಲ್ಲಿದ್ದರೆ ಸೇತುವೆ ತಪ್ಪಿಸಿ ಬದಿಗೆ ನಿಲ್ಲಿಸಿ ಒಳಗೇ ಕುಳಿತಿರಿ.

ನಡುಕ ನಿಂತ ಮೇಲೆ ಗ್ಯಾಸ್ ರೆಗ್ಯುಲೇಟರ್, ಮೇನ್ ಸ್ವಿಚ್ ಆರಿಸಿ. ಬೆಂಕಿಕಡ್ಡಿ ಗೀರಬೇಡಿ, ಟಾರ್ಚು ಬಳಸಿ. ಮರುಕಂಪನಗಳು ಬಂದೇ ಬರುತ್ತವೆ ಎಂದುಕೊಂಡು, ಬಿರುಕು ಬಿಟ್ಟ ಮನೆಯೊಳಗೆ ಸಾಮಾನು ತರಲು ಹೋಗಬೇಡಿ. ಫೋನ್ ಮಾಡುವ ಬದಲು ಮೆಸೇಜ್ ಕಳಿಸಿ. ತುರ್ತಿಗೆ 112. ಜಿಲ್ಲಾ ವಿಪತ್ತು ಕಂಟ್ರೋಲ್ ರೂಮ್ 1077. ಅವಶೇಷದಡಿ ಸಿಲುಕಿದರೆ ಕೂಗಿ ದಣಿಯಬೇಡಿ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಪೈಪು ಅಥವಾ ಗೋಡೆಯನ್ನು ತಟ್ಟುತ್ತಿರಿ.

ಕರಾವಳಿಯಲ್ಲಿದ್ದು ನಡುಕ ಬಹಳ ಹೊತ್ತು ನಿಲ್ಲದಿದ್ದರೆ, ಅಥವಾ ಸಮುದ್ರ ಇದ್ದಕ್ಕಿದ್ದಂತೆ ಹಿಂದೆ ಸರಿದರೆ, ಯಾರ ಆದೇಶಕ್ಕೂ ಕಾಯದೆ ಎತ್ತರದ ಜಾಗಕ್ಕೆ ಹೋಗಿ. ನಮ್ಮ ಅರಬ್ಬೀ ಸಮುದ್ರದಲ್ಲೂ ಸುನಾಮಿ ಎದ್ದದ್ದಿದೆ. 1945ರ ನವೆಂಬರಿನಲ್ಲಿ ಮಕ್ರಾನ್ ತೀರದ ಭೂಕಂಪದ ಅಲೆ ಮುಂಬೈವರೆಗೆ ಬಂದಿತ್ತು. 2004ರ ಸುನಾಮಿಯ ನಂತರ, 2007ರಿಂದ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯಲ್ಲಿ ಸುನಾಮಿ ಎಚ್ಚರಿಕೆ ಕೇಂದ್ರ ಕೆಲಸ ಮಾಡುತ್ತಿದೆ.

ಬೆಟ್ಟ ಬಾಯಿ ತೆರೆಯುವುದೇಕೆ

ಭೂಮಿಯೊಳಗೆಲ್ಲ ಲಾವಾ ಕುದಿಯುತ್ತಿದೆ ಎಂದು ಹಲವರು ಭಾವಿಸುತ್ತಾರೆ. ನಮ್ಮ ಕಾಲಡಿಯ ಮ್ಯಾಂಟಲ್ ಪದರ ಬಹುತೇಕ ಗಟ್ಟಿ ಬಂಡೆಯೇ. ಅದು ಕರಗುವುದು ಕೆಲವು ಜಾಗಗಳಲ್ಲಿ ಮಾತ್ರ. ಐಸ್‌ಲ್ಯಾಂಡ್, ಪೂರ್ವ ಆಫ್ರಿಕಾದಲ್ಲಿರುವಂತೆ ಫಲಕಗಳು ದೂರ ಸರಿಯುವಲ್ಲಿ ಒತ್ತಡ ಇಳಿದು ಬಂಡೆ ಕರಗುತ್ತದೆ. ಇಂಡೊನೇಷ್ಯಾ, ಜಪಾನಿನಂತೆ ಒಂದು ಫಲಕ ಇನ್ನೊಂದರಡಿ ಇಳಿಯುವಲ್ಲಿ, ಅದರ ಜೊತೆ ಹೋದ ನೀರು ಮೇಲಿನ ಬಂಡೆಯ ಕರಗುವ ಉಷ್ಣತೆಯನ್ನು ತಗ್ಗಿಸುತ್ತದೆ. ಮೂರನೆಯದಾಗಿ ಹವಾಯಿ, ರಿಯೂನಿಯನ್ ದ್ವೀಪಗಳಲ್ಲಿ ಆಳದಿಂದಲೇ ಬಿಸಿ ಬಂಡೆ ಮೇಲೇಳುತ್ತದೆ. ಹೀಗೆ ಹುಟ್ಟಿದ ಶಿಲಾರಸ ತೆಳುವಾಗಿದ್ದರೆ ಹವಾಯಿಯಂತೆ ಹರಿಯುತ್ತದೆ. ಮಂದವಾಗಿದ್ದು ಅನಿಲ ಸಿಕ್ಕಿಬಿದ್ದಿದ್ದರೆ ಸಿಡಿಯುತ್ತದೆ.

ರಿಯೂನಿಯನ್ನಿನ ಅದೇ ಬಿಸಿತಾಣದ ಮೇಲೆ 6.6 ಕೋಟಿ ವರ್ಷದ ಹಿಂದೆ ನಮ್ಮ ಫಲಕ ಹಾದುಹೋಗುತ್ತಿದ್ದಾಗ ಉಕ್ಕಿದ ಲಾವಾದ ಥರಗಳೇ ದಖ್ಖನ್ ಪ್ರಸ್ಥಭೂಮಿಯ ದೊಡ್ಡ ಭಾಗ. ಬೆಳಗಾವಿ, ವಿಜಯಪುರ, ಕಲಬುರಗಿಯ ಎರೆಮಣ್ಣು ಆ ಲಾವಾ ಬಂಡೆ ಸವೆದು ಬಂದದ್ದು, ಗೋಳಗುಮ್ಮಟ ನಿಂತಿರುವುದೂ ಅದೇ ಕಪ್ಪುಗಲ್ಲಿನಿಂದ. ಮಲ್ಪೆಯಾಚೆ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಅದಕ್ಕೂ ಹಳೆಯವು, ಮಡಗಾಸ್ಕರ್ ನಮ್ಮಿಂದ ಬೇರ್ಪಟ್ಟ ಕಾಲದವು. ಇಂದು ಕರ್ನಾಟಕದಲ್ಲಿ ಜ್ವಾಲಾಮುಖಿಯ ಅಪಾಯವಿಲ್ಲ. ಭಾರತದ ಏಕೈಕ ಜೀವಂತ ಜ್ವಾಲಾಮುಖಿ ಇರುವುದು ಅಂಡಮಾನಿನ ಬ್ಯಾರನ್ ದ್ವೀಪದಲ್ಲಿ, 2024ರವರೆಗೆ ಪೋರ್ಟ್ ಬ್ಲೇರ್ ಎಂಬ ಹೆಸರಿದ್ದ ನಗರದಿಂದ ಸುಮಾರು 140 ಕಿಲೋಮೀಟರ್ ದೂರ. ಅಲ್ಲಿ ಜನವಸತಿಯಿಲ್ಲ.

ಕೇಳಿದವರು, ಕೇಳದವರು

ಕೊಲಂಬಿಯಾದ ನೆವಾಡೊ ಡೆಲ್ ರುಯಿಸ್ ಪರ್ವತ ಸಿಡಿದೀತೆಂದು 1985ರಲ್ಲಿ ವಿಜ್ಞಾನಿಗಳು ಅಪಾಯದ ನಕ್ಷೆ ಮಾಡಿಕೊಟ್ಟಿದ್ದರು. ಅರ್ಮೇರೊ ಪಟ್ಟಣಕ್ಕೆ ಕೆಸರಿನ ಪ್ರವಾಹ ಬರಬಹುದೆಂದು ಅದರಲ್ಲಿತ್ತು. ನವೆಂಬರ್ 13ರ ಮಧ್ಯಾಹ್ನ ಊರ ಮೇಲೆ ಬೂದಿ ಬಿದ್ದಾಗ, ಗಾಬರಿಯಾಗಬೇಡಿ, ಮನೆಯೊಳಗಿರಿ ಎಂಬ ಸೂಚನೆ ಬಂತು. ರಾತ್ರಿ ಒಂಬತ್ತರ ಸುಮಾರಿಗೆ ಪರ್ವತ ಸಿಡಿದು ನೆತ್ತಿಯ ಹಿಮ ಕರಗಿತು. ಕೆಸರು ಕಣಿವೆಯುದ್ದಕ್ಕೂ ಇಳಿದು ಅರ್ಮೇರೊ ತಲುಪಲು ಎರಡು ಗಂಟೆಗೂ ಹೆಚ್ಚು ಹೊತ್ತು ಹಿಡಿಯಿತು. ಪಕ್ಕದ ಗುಡ್ಡ ಹತ್ತಲು ಅಷ್ಟು ಹೊತ್ತು ಧಾರಾಳವಾಗಿ ಸಾಕಿತ್ತು. ಆದರೆ ಊರು ಮಲಗಿತ್ತು. ಸುಮಾರು 23 ಸಾವಿರ ಜನ ಸತ್ತರು.

ಆರು ವರ್ಷದ ನಂತರ ಫಿಲಿಪ್ಪೀನ್ಸಿನ ಪಿನಟೂಬೊ ಐನೂರು ವರ್ಷಗಳ ನಿದ್ದೆ ಬಿಟ್ಟು ಎದ್ದಿತು. ಏಪ್ರಿಲಿನಲ್ಲಿ ಹಬೆ, ಸಣ್ಣ ನಡುಕಗಳು ಕಾಣಿಸಿಕೊಂಡ ಕೂಡಲೇ ಅಲ್ಲಿನ ಮತ್ತು ಅಮೆರಿಕದ ವಿಜ್ಞಾನಿಗಳು ಉಪಕರಣ ಹೂಡಿ ಕುಳಿತರು. ಐದು ಹಂತದ ಎಚ್ಚರಿಕೆ ರೂಪಿಸಿ, ಹಂತ ಏರಿದಂತೆ ಹತ್ತಾರು ಸಾವಿರ ಜನರನ್ನು ಸ್ಥಳಾಂತರಿಸಲಾಯಿತು. 1991ರ ಜೂನ್ 15ರಂದು ನಡೆದ ಸ್ಫೋಟ 20ನೇ ಶತಮಾನದ ಅತಿ ದೊಡ್ಡವುಗಳಲ್ಲಿ ಒಂದು. ಕನಿಷ್ಠ ಐದು ಸಾವಿರ ಜೀವ ಉಳಿಯಿತೆಂದು ಅಂದಾಜು. ಸ್ಫೋಟದ ಹೊತ್ತಿನಲ್ಲಿ ಸತ್ತವರಲ್ಲಿ ಹೆಚ್ಚಿನವರು ಲಾವಾಕ್ಕೆ ಸಿಕ್ಕವರಲ್ಲ. ಅದೇ ದಿನ ಬಂದ ಚಂಡಮಾರುತದ ಮಳೆಗೆ ನೆನೆದು ಭಾರವಾದ ಬೂದಿಯಿಂದ ಚಾವಣಿ ಕುಸಿದು ಸತ್ತವರು.

ಪ್ರತಿ ಜ್ವಾಲಾಮುಖಿಯೂ ಹೀಗೆ ಹೇಳಿಯೇ ಬರುತ್ತದೆ ಎನ್ನಲಾಗದು. 2014ರಲ್ಲಿ ಜಪಾನಿನ ಓಂಟಾಕೆ ಪರ್ವತ ಅತಿ ಕೆಳ ಹಂತದ ಎಚ್ಚರಿಕೆಯಲ್ಲಿದ್ದಾಗಲೇ ಹಬೆಯೊತ್ತಡಕ್ಕೆ ಸಿಡಿದು, ಚಾರಣಿಗರಲ್ಲಿ ಅರವತ್ತಕ್ಕೂ ಹೆಚ್ಚು ಜನ ಸತ್ತರು ಇಲ್ಲವೇ ಕಾಣೆಯಾದರು. 2019ರಲ್ಲಿ ನ್ಯೂಜಿಲೆಂಡಿನ ವಕಾರಿ ದ್ವೀಪದಲ್ಲಿ ಎಚ್ಚರಿಕೆಯ ಹಂತ ಏರಿಸಿದ್ದರೂ ಪ್ರವಾಸ ನಡೆದೇ ಇತ್ತು, 22 ಮಂದಿ ಪ್ರಾಣ ಕಳೆದುಕೊಂಡರು.

ಬಾಲಿ, ಜಪಾನ್, ಹವಾಯಿ, ಐಸ್‌ಲ್ಯಾಂಡ್ ಪ್ರವಾಸಕ್ಕೆ ಹೊರಡುವ ಕನ್ನಡಿಗರು ಈಗ ಕಡಿಮೆಯಿಲ್ಲ. ಅವರಿಗೆ ಕೆಲವು ಮಾತು:

- ಹೋಗುವ ಪರ್ವತದ ಅಂದಿನ ಎಚ್ಚರಿಕೆ ಹಂತ ನೋಡಿಕೊಳ್ಳಿ. ಇಂಡೊನೇಷ್ಯಾದಲ್ಲಿ ನಾಲ್ಕು ಹಂತಗಳಿವೆ, ಜಪಾನಿನಲ್ಲಿ ಐದು. ಗೈಡ್ ಒಪ್ಪಿದರೂ ನಿಷೇಧಿತ ವ್ಯಾಪ್ತಿ ದಾಟಬೇಡಿ. ಬಾಯಿಯ ಅಂಚಿನಲ್ಲಿ ಹೆಚ್ಚು ಹೊತ್ತು ನಿಲ್ಲಬೇಡಿ.
- ಬೂದಿ ಬೀಳುತ್ತಿದ್ದರೆ ಒಳಗಿದ್ದು ಕಿಟಕಿ ಮುಚ್ಚಿ. ಹೊರಗೆ ಹೋಗಲೇಬೇಕಾದರೆ ಎನ್95 ಮಾಸ್ಕ್, ಕನ್ನಡಕ ಹಾಕಿ. ಕಾಂಟ್ಯಾಕ್ಟ್ ಲೆನ್ಸ್ ತೆಗೆದಿಡಿ. ಅದು ಸೌದೆಯ ಬೂದಿಯಂತಲ್ಲ, ಪುಡಿಯಾದ ಕಲ್ಲು ಮತ್ತು ಗಾಜು.
- ಸ್ಫೋಟದ ನಂತರ ಮಳೆ ಬಂದರೆ ಹೊಳೆ, ಕಣಿವೆಗಳಿಂದ ಎತ್ತರಕ್ಕೆ ಸರಿಯಿರಿ.
- ಪ್ರಯಾಣ ವಿಮೆ ಮಾಡಿಸುವಾಗ ಬೂದಿಯಿಂದ ವಿಮಾನ ರದ್ದಾದರೆ ಪರಿಹಾರವಿದೆಯೇ ಕೇಳಿ. 2010ರಲ್ಲಿ ಐಸ್‌ಲ್ಯಾಂಡಿನ ಬೂದಿ ಯುರೋಪಿನ ವಿಮಾನಗಳನ್ನು ದಿನಗಟ್ಟಲೆ ನೆಲಕ್ಕಿಳಿಸಿತ್ತು. 2024ರ ನವೆಂಬರಿನಲ್ಲಿ ಇಂಡೊನೇಷ್ಯಾದ ಲೆವೊಟೊಬಿ ಜ್ವಾಲಾಮುಖಿ ಸಿಡಿದಾಗ ಭಾರತದಿಂದ ಬಾಲಿಗೆ ಹೋಗುವ ವಿಮಾನಗಳೂ ರದ್ದಾದವು.

ಎರಕ ಹೊಯ್ಯುವ ಮುನ್ನ

ಅರ್ಮೇರೊದವರಿಗೆ ಎರಡು ಗಂಟೆ ಇತ್ತು, ಪಿನಟೂಬೊ ಜನರಿಗೆ ಎರಡು ತಿಂಗಳು. ಕಿಲ್ಲಾರಿಯವರಿಗೆ ಸಿಕ್ಕದ್ದು ಶೂನ್ಯ. ಭೂಕಂಪದ ಮಟ್ಟಿಗೆ ನಮಗಿರುವ ಸಮಯವೆಂದರೆ ಮನೆ ಕಟ್ಟುವ ಅಥವಾ ದುರಸ್ತಿ ಮಾಡಿಸುವ ಆ ಕೆಲವು ತಿಂಗಳುಗಳೇ. ಗೃಹಪ್ರವೇಶದ ಮುಹೂರ್ತಕ್ಕೆ ಪಂಚಾಂಗ ತಿರುವಿಹಾಕುವವರು ಈ ಐದು ಪ್ರಶ್ನೆಗಳನ್ನು ಎಂಜಿನಿಯರಿಗೂ ಮೇಸ್ತ್ರಿಗೂ ಕೇಳಿ, ಉತ್ತರವನ್ನು ನಕ್ಷೆಯಲ್ಲೇ ತೋರಿಸಲು ಹೇಳಿ:

1. ನಮ್ಮೂರು ಯಾವ ಭೂಕಂಪ ವಲಯದಲ್ಲಿದೆ, ವಿನ್ಯಾಸ ಆ ಲೆಕ್ಕಕ್ಕಿದೆಯೇ?
2. ಮಣ್ಣು ಪರೀಕ್ಷೆ ಮಾಡಿಸಿದ್ದೀರಾ? ಎರೆಭೂಮಿ ಅಥವಾ ಮುಚ್ಚಿದ ಕೆರೆಯಂಗಳವಾದರೆ ಅಡಿಪಾಯದಲ್ಲಿ ಏನು ಬದಲಾಯಿಸಿದ್ದೀರಿ?
3. ಕೆಳಗೆ ಪಾರ್ಕಿಂಗ್ ಇದ್ದರೆ ಆ ಮಹಡಿಯ ಬಲಕ್ಕೆ ಏನು ಮಾಡಿದ್ದೀರಿ?
4. ರಿಂಗಿನ ತುದಿ 135 ಡಿಗ್ರಿಯೇ, ಬೀಮಿನ ಬಳಿ ಅಂತರ ಎಷ್ಟು?
5. ಪಿಲ್ಲರಿಲ್ಲದ ಮನೆಯಾದರೆ ಲಿಂಟಲ್ ಪಟ್ಟಿ ಎಲ್ಲ ಗೋಡೆಗಳನ್ನೂ ಸುತ್ತುತ್ತದೆಯೇ?

ಐದಕ್ಕೂ ಸರಿಯಾದ ಉತ್ತರ ಸಿಗುವವರೆಗೆ ಮಿಕ್ಸರ್ ಚಾಲೂ ಮಾಡಲು ಬಿಡಬೇಡಿ.